ಬಾವಿಯಲ್ಲಿ ಏನಿದೆ, ಹಡಗು ಯಾವಾಗ ಬರುತ್ತದೆ: ಲಕ್ಷದ್ವೀಪ ಮತ್ತು ಅಂಡಮಾನ್–ನಿಕೋಬಾರ್ ಬದುಕಿನ ಹೋಲಿಕೆ

1956ರ ನವೆಂಬರ್ 1 ಅಂದರೆ ನಮಗೆ ಕನ್ನಡನಾಡು ಒಂದಾದ ದಿನ. ಅದೇ ದಿನ ಅರಬ್ಬಿ ಸಮುದ್ರದ ಹವಳದ ದ್ವೀಪಗಳಾದ ಲಕ್ಷದ್ವೀಪವೂ ಬಂಗಾಳ ಕೊಲ್ಲಿಯ ಅಂಡಮಾನ್–ನಿಕೋಬಾರ್ ದ್ವೀಪಗಳೂ ಕೇಂದ್ರಾಡಳಿತ ಪ್ರದೇಶಗಳಾದವು. ಲಕ್ಷದ್ವೀಪದ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳು ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1799ರಲ್ಲಿ ಟಿಪ್ಪುವಿನ ರಾಜ್ಯ ಬಿದ್ದ ಮೇಲೆ ಅವು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಮಂಗಳೂರಿನ ಕಲೆಕ್ಟರರ ಅಧೀನಕ್ಕೆ ಬಂದಿದ್ದವು. ಅಲ್ಲಿನವರು ತೆಂಗಿನ ನಾರು ತಂದುಕೊಟ್ಟು ಅಕ್ಕಿ ಒಯ್ಯುತ್ತಿದ್ದದ್ದು ಮಂಗಳೂರಿನ ಬಂದರಿನಿಂದಲೇ.

ದೆಹಲಿಯ ಕಡತಗಳಲ್ಲಿ ಈ ಎರಡೂ ಪ್ರದೇಶಗಳು ಒಂದೇ ಗುಂಪು. ಎರಡಕ್ಕೂ ವಿಧಾನಸಭೆ ಇಲ್ಲ, ಎರಡಕ್ಕೂ ಲೋಕಸಭೆಯಲ್ಲಿ ಒಂದೊಂದೇ ಸ್ಥಾನ, ಎರಡೂ ಕಡೆ ವಿದ್ಯುತ್ತಿನ ಬಹುಪಾಲು ಡೀಸೆಲ್‌ನದು. ನಕ್ಷೆಯಲ್ಲೂ ಒಂದು ಜೋಡಿತನವಿದೆ: ನಮ್ಮ ಗಡಿಯಾರಕ್ಕೆ ಆಧಾರವಾದ 82.5 ಡಿಗ್ರಿ ರೇಖಾಂಶದಿಂದ ಲಕ್ಷದ್ವೀಪ ಪಶ್ಚಿಮಕ್ಕೆ ಸುಮಾರು 10 ಡಿಗ್ರಿ ದೂರದಲ್ಲಿದ್ದರೆ, ಅಂಡಮಾನ್ ಪೂರ್ವಕ್ಕೆ ಅಷ್ಟೇ ದೂರದಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಹಾಗಾಗಿ ಎರಡೂ ಕಡೆ ಗೋಡೆ ಗಡಿಯಾರ ಒಂದೇ ಹೊತ್ತು ತೋರಿಸಿದರೂ ಸೂರ್ಯನ ಲೆಕ್ಕದಲ್ಲಿ 80 ನಿಮಿಷಗಳ ಅಂತರ. ಡಿಸೆಂಬರಿನಲ್ಲಿ ಅಂಡಮಾನ್–ನಿಕೋಬಾರಿನ ರಾಜಧಾನಿ, 2024ರಿಂದ ಶ್ರೀ ವಿಜಯ ಪುರಂ ಎಂದು ಹೆಸರಾದ ಪೋರ್ಟ್ ಬ್ಲೇರ್‌ನಲ್ಲಿ ಸಂಜೆ ಐದರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ಆರೂ ಕಾಲಿಗೂ ಬೆಳಕಿರುತ್ತದೆ.

ಸಾಮ್ಯ ಇಲ್ಲಿಗೆ ಮುಗಿಯುತ್ತದೆ. ಎರಡು ಕಡೆಯ ದಿನನಿತ್ಯದ ಬದುಕು ಇಷ್ಟು ಬೇರೆಯಾಗಲು ಮೂಲ ಕಾರಣ ನೆಲದ ಎತ್ತರ. ಲಕ್ಷದ್ವೀಪದ ನೆಲ ಸಮುದ್ರ ಮಟ್ಟದಿಂದ ಸಾಮಾನ್ಯವಾಗಿ ಒಂದೆರಡು ಮೀಟರ್ ಮೇಲಿದೆ. ತೆಂಗಿನ ಮರವೇ ಅಲ್ಲಿನ ಬೆಟ್ಟ. ಅಂಡಮಾನ್ ಸಮುದ್ರದಲ್ಲಿ ಮುಳುಗಿದ ಪರ್ವತ ಸಾಲಿನ ತುದಿ. ಉತ್ತರ ಅಂಡಮಾನಿನ ಸ್ಯಾಡಲ್ ಪೀಕ್ 730 ಮೀಟರ್ ಮೀರುತ್ತದೆ. ನೀರು, ಹೊಲ, ಮನೆ, ಬಂದರು, ಆಸ್ಪತ್ರೆಗೆ ಹೋಗುವ ದಾರಿ ಎಲ್ಲವೂ ಈ ಒಂದು ವ್ಯತ್ಯಾಸದಿಂದ ಹುಟ್ಟಿಕೊಳ್ಳುತ್ತವೆ.

ಜನಸಾಂದ್ರತೆಯ ಅಂಕಿ ಎಲ್ಲಿ ದಾರಿ ತಪ್ಪಿಸುತ್ತದೆ

ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನ 64,473. ಚದರ ಕಿಲೋಮೀಟರಿಗೆ ಎರಡು ಸಾವಿರ. ಅಂಡಮಾನ್–ನಿಕೋಬಾರ್ 8,249 ಚದರ ಕಿಲೋಮೀಟರ್, ಜನ 3,80,581. ಅಂದರೆ ಚದರ ಕಿಲೋಮೀಟರಿಗೆ 46. ಇದನ್ನು ನೋಡಿ ಒಂದು ಕಡೆ ಕಿಕ್ಕಿರಿದ ಊರು, ಇನ್ನೊಂದು ಕಡೆ ಬಟ್ಟಬಯಲು ಎಂದುಕೊಳ್ಳುವವರೇ ಹೆಚ್ಚು. ಆದರೆ ಅಂಡಮಾನ್–ನಿಕೋಬಾರ್‌ನ ಸುಮಾರು ಶೇ 87ರಷ್ಟು ನೆಲ ದಾಖಲಿತ ಅರಣ್ಯ. ಅದರಲ್ಲಿ ದೊಡ್ಡ ಪಾಲು ಆದಿವಾಸಿಗಳ ಮೀಸಲು ಪ್ರದೇಶ. ಅರಣ್ಯ ಕಳೆದು ಉಳಿದ ಸಾವಿರ ಚಿಲ್ಲರೆ ಚದರ ಕಿಲೋಮೀಟರಿಗೆ ಜನರನ್ನು ಹಂಚಿದರೆ ಸಾಂದ್ರತೆ 350ರ ಆಸುಪಾಸಿಗೆ ಬರುತ್ತದೆ. 2011ರಲ್ಲಿ ಕರ್ನಾಟಕದ ಸರಾಸರಿ 319. ಅಂದರೆ ಅಂಡಮಾನಿನ ಸಾಮಾನ್ಯ ಕುಟುಂಬಕ್ಕೆ ಸಿಗುವ ಜಾಗ ನಮ್ಮ ಕಡೆಯ ಕುಟುಂಬಕ್ಕೆ ಸಿಗುವುದಕ್ಕಿಂತ ಹೆಚ್ಚೇನಲ್ಲ. ಇದು ಗೊತ್ತಿಲ್ಲದೆ "ಅಷ್ಟೊಂದು ಖಾಲಿ ಜಾಗ ಇದೆಯಲ್ಲ" ಎಂದು ಹೇಳುವುದು ಅಲ್ಲಿನ ಕಾಡಿಗೂ ಕಾಡಿನ ಜನರಿಗೂ ಮಾಡುವ ಅನ್ಯಾಯ.

ಲಕ್ಷದ್ವೀಪದ ಇಕ್ಕಟ್ಟು ಮಾತ್ರ ನಿಜವಾದದ್ದು. ಜನವಸತಿಯ ಹತ್ತು ದ್ವೀಪಗಳಲ್ಲಿ ದೊಡ್ಡದಾದ ಆಂದ್ರೋತ್ ಐದು ಚದರ ಕಿಲೋಮೀಟರಿಗಿಂತ ತುಸು ಕಡಿಮೆ. ಚಿಕ್ಕದಾದ ಬಿತ್ರಾದಲ್ಲಿ 2011ರಲ್ಲಿ ಇದ್ದದ್ದು 271 ಜನ. ಇಡೀ ದ್ವೀಪ ಹತ್ತು ಹೆಕ್ಟೇರಿನಷ್ಟು, ಅಂದರೆ ಇಪ್ಪತ್ತೈದು ಎಕರೆ ತೋಟದಷ್ಟು.

ನೀರು: ಒಂದೆಡೆ ತೆಳುಪದರ, ಇನ್ನೊಂದೆಡೆ ಓಡಿಹೋಗುವ ಮಳೆ

ಹವಳದ ದ್ವೀಪದಲ್ಲಿ ನದಿಯಿಲ್ಲ, ಹಳ್ಳವಿಲ್ಲ. ವರ್ಷಕ್ಕೆ ಬೀಳುವ ಸುಮಾರು 1,500–1,600 ಮಿಲಿಮೀಟರ್ ಮಳೆ ಹವಳದ ಮರಳಿನೊಳಗೆ ನೇರ ಇಂಗಿಬಿಡುತ್ತದೆ. ಕೆಳಗೆ ಮರಳಿನ ಸಂದುಗಳಲ್ಲಿ ಸಮುದ್ರದ ಉಪ್ಪುನೀರು ಮೊದಲೇ ತುಂಬಿರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಶೇ 2.5ರಷ್ಟು ಭಾರ. ಹಾಗಾಗಿ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ, ಸಾರಿನ ಮೇಲೆ ತುಪ್ಪ ನಿಂತಂತೆ, ತೇಲುತ್ತದೆ. ದ್ವೀಪದ ನಡುವೆ ದಪ್ಪ, ಅಂಚಿಗೆ ಬರುತ್ತ ತೆಳು. ಪಕ್ಕದಿಂದ ನೋಡಿದರೆ ಭೂತಗನ್ನಡಿಯ ಆಕಾರ. ಭೂಜಲ ತಜ್ಞರು ಇದನ್ನು ಸಿಹಿನೀರಿನ ಮಸೂರ ಎನ್ನುತ್ತಾರೆ.

ಇದರ ಲೆಕ್ಕ ಬಹಳ ಸೂಕ್ಷ್ಮ. ಬಾವಿಯ ನೀರು ಸಮುದ್ರ ಮಟ್ಟಕ್ಕಿಂತ ಎಷ್ಟು ಮೇಲಿದೆಯೋ ಅದರ ನಲವತ್ತರಷ್ಟು ಆಳಕ್ಕೆ ಸಿಹಿನೀರು ಇರುತ್ತದೆ. ಹತ್ತು ಸೆಂಟಿಮೀಟರ್ ಮೇಲಿದ್ದರೆ ನಾಲ್ಕು ಮೀಟರ್. ಉಲ್ಟಾ ಓದಿದರೆ ಅಪಾಯ ಕಾಣುತ್ತದೆ: ಪಂಪು ಹಾಕಿ ಬಾವಿಯ ಮಟ್ಟವನ್ನು ಹತ್ತು ಸೆಂಟಿಮೀಟರ್ ಇಳಿಸಿ ಹಾಗೇ ಇಟ್ಟರೆ ಕೆಳಗಿನ ಉಪ್ಪುನೀರು ನಾಲ್ಕು ಮೀಟರ್ ಮೇಲೇರಲು ಹೊರಡುತ್ತದೆ. ಬಾವಿಯ ಕೆಳಗೆ ಉಪ್ಪುನೀರು ಹುತ್ತದಂತೆ ಮೇಲೆದ್ದು, ಒಂದು ದಿನ ನಲ್ಲಿಯಲ್ಲಿ ಚಪ್ಪೆ ಉಪ್ಪಿನ ರುಚಿ ಬರುತ್ತದೆ. ಬಂದ ಮೇಲೆ ಪಂಪು ನಿಲ್ಲಿಸಿದರೂ ಕೂಡಲೇ ಇಳಿಯುವುದಿಲ್ಲ, ಮಳೆಗಾಲ ಕಾಯಬೇಕು.

ಹಿಂದಿನವರು ಒಂದೆರಡು ಆಳು ಆಳದ, ಬಾಯಿ ಅಗಲವಾದ ಬಾವಿ ತೋಡಿ ಕೈಯಿಂದ ಸೇದುತ್ತಿದ್ದರು. ಅದು ಬಡತನದ ಪದ್ಧತಿ ಅಲ್ಲ, ಆ ನೆಲಕ್ಕೆ ಒಪ್ಪುವ ಪದ್ಧತಿ. ಬೋರ್‌ವೆಲ್ ಕೊರೆದರೆ ಸಿಗುವುದು ಸಮುದ್ರವೇ. ಇಂದು ಮನೆಮನೆಗೆ ಪಂಪು ಬಂದಿರುವುದರಿಂದ ಉಳಿದಿರುವ ದಾರಿ ನಿಧಾನವಾಗಿ ಎತ್ತುವುದು: ಚಿಕ್ಕ ಪಂಪು, ಕಾಲು ಗಂಟೆ ಎತ್ತಿ ತಾಸುಗಟ್ಟಲೆ ಬಿಡುವು, ಬಾವಿಯ ತಳದಿಂದಲ್ಲ, ಮೇಲ್ಪದರದಿಂದ ಎತ್ತುವುದು. ಭರತ–ಇಳಿತಕ್ಕೆ ಸರಿಯಾಗಿ ಬಾವಿಯ ನೀರೂ ಏರಿಳಿಯುತ್ತದೆ ಎಂಬುದನ್ನು ಗಮನಿಸಿದರೆ, ಆ ಬಾವಿಗೂ ಸಮುದ್ರಕ್ಕೂ ನಡುವೆ ಗೋಡೆಯೇ ಇಲ್ಲ ಎಂಬುದು ಅರ್ಥವಾಗುತ್ತದೆ.

ಉಪ್ಪಿಗಿಂತ ಕೆಟ್ಟದ್ದು ಇನ್ನೊಂದಿದೆ. ಮನೆ ಜಾಗ ಚಿಕ್ಕದು, ಶೌಚದ ಇಂಗುಗುಂಡಿಯೂ ಬಾವಿಯೂ ಕೆಲವೇ ಮೀಟರ್ ಅಂತರದಲ್ಲಿ. ಮಣ್ಣಾಗಿದ್ದರೆ ಸೋಸುತ್ತಿತ್ತು, ಹವಳದ ಮರಳು ಸೋಸುವ ಮೊದಲೇ ನೀರನ್ನು ದಾಟಿಸಿಬಿಡುತ್ತದೆ. ಹಾಗಾಗಿ ಬಾವಿನೀರು ತಿಳಿಯಾಗಿ ಕಂಡರೂ ಕುಡಿಯಲು ಯೋಗ್ಯವಲ್ಲ. ಅಲ್ಲಿ ಹೊಸದಾಗಿ ಮನೆ ಕಟ್ಟುವವರಿಗೆ ಇಂಗುಗುಂಡಿಯ ಬದಲು ತಳ ಮುಚ್ಚಿದ ಟ್ಯಾಂಕ್ ಬೇಕೇ ಬೇಕು. ಇದಕ್ಕೆ ಹಾಕುವ ಹಣವನ್ನು ಬೇರೆಲ್ಲೂ ಉಳಿಸಬಹುದು, ಇಲ್ಲಿ ಉಳಿಸಬಾರದು.

ಮಳೆನೀರಿನ ಲೆಕ್ಕ ಸುಲಭ. 50 ಚದರ ಮೀಟರಿನ ಚಾವಣಿಗೆ 1,500 ಮಿಲಿಮೀಟರ್ ಮಳೆ ಬಿದ್ದರೆ 75,000 ಲೀಟರ್. ಚೆಲ್ಲಿಹೋಗುವುದು, ಆವಿಯಾಗುವುದು ಕಳೆದು 60,000 ಲೀಟರ್ ಹಿಡಿಯಬಹುದು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ತಲೆಗೆ 15 ಲೀಟರ್ ಹಿಡಿದರೂ ಜನವರಿಯಿಂದ ಏಪ್ರಿಲ್‌ವರೆಗಿನ 120 ಒಣದಿನಗಳಿಗೆ ಬೇಕಾಗುವುದು 9,000 ಲೀಟರ್. ಅಂದರೆ 10,000 ಲೀಟರಿನ ಒಂದು ಟ್ಯಾಂಕ್ ಸಾಕು. ಕೆಡುವುದು ಮೂರು ಕಡೆ: ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವ ಕೊಳವೆ ಇಲ್ಲದಿರುವುದು, ಟ್ಯಾಂಕಿನ ಬಾಯಿಗೆ ಸೊಳ್ಳೆಪರದೆ ಹರಿದಿರುವುದು, ಚಾವಣಿಯ ಮೇಲೆ ತೆಂಗಿನ ಗರಿ ಕೊಳೆಯುತ್ತಿರುವುದು.

ಮೂರನೆಯ ದಾರಿ ಯಂತ್ರದ್ದು, ಮತ್ತು ಅದು ಲಕ್ಷದ್ವೀಪದ ಹೆಮ್ಮೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಸ್ಥಾವರ ಕಟ್ಟಿತು. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಗೂ ಬಂತು. ಅಲ್ಲಿ ಶೋಧಕ ಪೊರೆಯಿಲ್ಲ, ಒಲೆಯೂ ಇಲ್ಲ. ಸುಮಾರು 28 ಡಿಗ್ರಿಯ ಮೇಲ್ಮೈ ಸಮುದ್ರನೀರನ್ನು ಒಂದು ಕೋಣೆಗೆ ಬಿಟ್ಟು, ಗಾಳಿಯ ಒತ್ತಡವನ್ನು ಹೊರಗಿನದರ ನಲವತ್ತನೇ ಒಂದು ಪಾಲಿಗೆ ಇಳಿಸುತ್ತಾರೆ. ಆ ಒತ್ತಡದಲ್ಲಿ ನೀರು ಬೆಚ್ಚಗಿರುವಾಗಲೇ ಕುದಿಯುತ್ತದೆ. ಎದ್ದ ಆವಿಯನ್ನು ತಣಿಸಲು 350 ಮೀಟರ್ ಆಳದಿಂದ 12–13 ಡಿಗ್ರಿಯ ತಣ್ಣೀರನ್ನು ಕೊಳವೆಯಲ್ಲಿ ಎಳೆದು ತರುತ್ತಾರೆ. ಆವಿ ಹನಿಯಾಗಿ ಇಳಿದದ್ದೇ ಕುಡಿಯುವ ನೀರು. ಹವಳದ ದ್ವೀಪ ಕಂಬದಂತೆ ಕಡಿದಾಗಿ ಇಳಿಯುವುದರಿಂದಲೇ ದಡದಿಂದ ಕೆಲವೇ ನೂರು ಮೀಟರಿನಲ್ಲಿ ಅಷ್ಟು ಆಳ ಸಿಗುತ್ತದೆ. ಮಂಗಳೂರಿನ ಕಡಲಲ್ಲಿ ಇದನ್ನು ಮಾಡಹೋದರೆ ತಣ್ಣೀರಿಗಾಗಿ ಹತ್ತಾರು ಕಿಲೋಮೀಟರ್ ಹೋಗಬೇಕು.

ಮಿತಿಯನ್ನೂ ಹೇಳಬೇಕು. ಒಳಗೆ ಬಿಟ್ಟ ನೂರು ಲೀಟರ್ ನೀರಿನಲ್ಲಿ ಆವಿಯಾಗುವುದು ಸುಮಾರು ಒಂದು ಲೀಟರ್. ಆದ್ದರಿಂದ ಲಕ್ಷ ಲೀಟರಿಗೆ ಕೋಟಿ ಲೀಟರ್ ಸಮುದ್ರವನ್ನು ಪಂಪು ಮಾಡಬೇಕು. ಪಂಪಿಗೆ ವಿದ್ಯುತ್, ವಿದ್ಯುತ್ತಿಗೆ ಡೀಸೆಲ್, ಡೀಸೆಲ್‌ಗೆ ಹಡಗು. 11 ಸಾವಿರ ಜನರ ಕವರತ್ತಿಗೆ ಲಕ್ಷ ಲೀಟರ್ ಅಂದರೆ ತಲೆಗೆ ಒಂಬತ್ತು ಲೀಟರ್. ಕುಡಿಯಲು, ಅನ್ನಕ್ಕೆ ಸಾಕು. ಸ್ನಾನ, ಬಟ್ಟೆ, ಪಾತ್ರೆಗೆಲ್ಲ ಇಂದಿಗೂ ಅದೇ ಬಾವಿ.

ಈಗ ಅಂಡಮಾನಿಗೆ ಬನ್ನಿ. ಅಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಮಡಿಕೇರಿಗೆ ಹತ್ತಿರ ಹತ್ತಿರ. ಮುಂಗಾರು, ಹಿಂಗಾರು ಎರಡರ ಪಾಲೂ ಸಿಗುವುದರಿಂದ ಮೇ ತಿಂಗಳಿಂದ ಡಿಸೆಂಬರ್‌ವರೆಗೂ ಮಳೆ. ಆದರೂ ಬೇಸಿಗೆಯಲ್ಲಿ ಪೋರ್ಟ್ ಬ್ಲೇರ್‌ನ ನಲ್ಲಿಗೆ ದಿನ ಬಿಟ್ಟು ದಿನ, ಕೆಟ್ಟ ವರ್ಷಗಳಲ್ಲಿ ಅದಕ್ಕಿಂತಲೂ ಅಪರೂಪಕ್ಕೆ ನೀರು. ಮಲೆನಾಡಿನವರಿಗೆ ಇದರಲ್ಲಿ ಒಗಟೇನೂ ಕಾಣದು. ಕಡಿದಾದ ಗುಡ್ಡ, ಅಡಿಯಲ್ಲಿ ನೀರು ಕುಡಿಯದ ಜೇಡಿಬಂಡೆ ಮತ್ತು ಗಟ್ಟಿ ಶಿಲೆ, ಮೇಲೆ ಅಂಟುಮಣ್ಣು, ಕೆಲವೇ ಕಿಲೋಮೀಟರ್ ಓಡಿ ಸಮುದ್ರ ಸೇರುವ ಹಳ್ಳಗಳು. ಬಿದ್ದದ್ದು ಅಂದೇ ಹರಿದುಹೋಗುತ್ತದೆ. ವರ್ಷವಿಡೀ ಹರಿಯುವ, ಹೆಸರಿಡಬಹುದಾದ ನದಿ ಉತ್ತರ ಅಂಡಮಾನಿನ ಕಲ್ಪಾಂಗ್ ಒಂದೇ. ಅದರ ಮೇಲೆ 5.25 ಮೆಗಾವಾಟ್‌ನ ಚಿಕ್ಕ ಜಲವಿದ್ಯುತ್ ಘಟಕವಿದೆ. ರಾಜಧಾನಿ ನಿಂತಿರುವುದು ಧನಿಖಾರಿ ಅಣೆಕಟ್ಟಿನ ನೀರಿನ ಮೇಲೆ. ಊರು ಬೆಳೆದಷ್ಟು ಆ ಕೆರೆ ಬೆಳೆಯಲಿಲ್ಲ.

ಲಕ್ಷದ್ವೀಪದ ನೀರಿನ ಕೊರತೆ ಪ್ರಕೃತಿ ಹಾಕಿದ ಗೆರೆ, ಅದನ್ನು ದಾಟಲಾಗದು, ನಾಜೂಕಾಗಿ ಬಳಸಿಕೊಳ್ಳಬಹುದು ಅಷ್ಟೇ. ಅಂಡಮಾನಿನ ಕೊರತೆ ಹಿಡಿದಿಡದ ಕೊರತೆ. ಚೆಕ್‌ಡ್ಯಾಮ್, ಕಣಿವೆಯ ಕಟ್ಟೆ, ಚಾವಣಿಯ ಟ್ಯಾಂಕು ಇವುಗಳಿಂದ ಅದನ್ನು ಬಹುಮಟ್ಟಿಗೆ ನೀಗಿಸಬಹುದು. ಒಂದೇ ಬಗೆಯ ಯೋಜನೆಯನ್ನು ಎರಡೂ ಕಡೆಗೆ ಹೊಲಿಯಹೊರಟರೆ ಯಾರಿಗೂ ಸರಿಹೋಗದು.

ತಟ್ಟೆಗೆ ಬರುವುದು ಎಲ್ಲಿಂದ

ಲಕ್ಷದ್ವೀಪದಲ್ಲಿ ಬೆಳೆಯುವುದು ತೆಂಗು. ಭತ್ತ ಬೆಳೆಯಲು ಮಣ್ಣೇ ಇಲ್ಲ. ಪ್ರೋಟೀನಿಗೆ ಕೊರತೆಯಿಲ್ಲ, ಸೂರೆ ಮೀನು, ಅಂದರೆ ಟ್ಯೂನಾ, ಅಲ್ಲಿ ಹೇರಳ. ಹಿಡಿಯುವ ಕ್ರಮವೂ ಚೆಂದ: ಬೆಳಗ್ಗೆ ಲಗೂನಿನಲ್ಲಿ, ಅಂದರೆ ಹವಳದ ಗೋಡೆಯೊಳಗಿನ ಆಳವಿಲ್ಲದ ಕಡಲಿನಲ್ಲಿ, ಬೆರಳುದ್ದದ ಎರೆಮೀನು ಹಿಡಿದು, ದೋಣಿಯ ಹೊಟ್ಟೆಯ ನೀರಿನಲ್ಲಿ ಜೀವಂತ ಇಟ್ಟುಕೊಂಡು ಹೊರಗಿನ ಕಡಲಿಗೆ ಹೋಗುತ್ತಾರೆ. ಸೂರೆಯ ಹಿಂಡು ಕಂಡೊಡನೆ ಎರೆಯನ್ನು ಎರಚಿ, ನೀರು ಚಿಮುಕಿಸಿ, ಮುಳ್ಳಿಲ್ಲದ ಗಾಳ ಕಟ್ಟಿದ ಕೋಲಿನಿಂದ ಒಂದೊಂದಾಗಿ ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಗಾಳಕ್ಕೆ ಮುಳ್ಳಿಲ್ಲದ್ದರಿಂದ ಮೀನು ತಾನೇ ಕಳಚಿ ದೋಣಿಯೊಳಗೆ ಬೀಳುತ್ತದೆ. ಬಲೆಯಿಲ್ಲ, ಆಮೆ ಡಾಲ್ಫಿನ್ ಸಿಕ್ಕಿ ಸಾಯುವುದಿಲ್ಲ. ಮಾರಿ ಉಳಿದದ್ದನ್ನು ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿ ಕಟ್ಟಿಗೆಯಷ್ಟು ಗಟ್ಟಿ ಮಾಡಿದರೆ ಅದೇ 'ಮಾಸ್'. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇರುತ್ತದೆ. ಆದರೆ ಎರೆಮೀನು ಬದುಕುವುದು ಜೀವಂತ ಹವಳದ ಸಂದುಗಳಲ್ಲಿ. 1998, 2010, 2016ರಲ್ಲಿ ಸಮುದ್ರ ಕಾದು ಹವಳ ಬಿಳುಚಿ ಸತ್ತಾಗ ಈ ಸರಪಳಿಯ ಮೊದಲ ಕೊಂಡಿಗೇ ಪೆಟ್ಟು ಬಿತ್ತು.

ಅಕ್ಕಿ, ಬೇಳೆ, ಈರುಳ್ಳಿ, ತರಕಾರಿ, ಗ್ಯಾಸ್ ಎಲ್ಲವೂ ದಡದಿಂದ. ಮಂಗಳೂರಿನ ಹಳೇ ಬಂದರಿನಲ್ಲಿ ಇಂದಿಗೂ ಮರದ ಮಂಜಿಗಳಿಗೆ, ಅಂದರೆ ಸರಕಿನ ದೋಣಿಗಳಿಗೆ, ಸಿಮೆಂಟ್ ಮೂಟೆ, ಜಲ್ಲಿ, ಮರಳು, ತರಕಾರಿ ತುಂಬುವುದು ಕಾಣುತ್ತದೆ. ಅದರ ಬಹುಪಾಲು ಲಕ್ಷದ್ವೀಪಕ್ಕೆ. ಆ ಸಿಮೆಂಟ್ ಮೂಟೆಯ ದಾರಿ ನೋಡಿ: ಗೋದಾಮಿನಿಂದ ಮಂಜಿಗೆ ಒಬ್ಬನ ಬೆನ್ನು, ದ್ವೀಪದ ಬಳಿ ಮಂಜಿಯಿಂದ ಚಿಕ್ಕ ದೋಣಿಗೆ ಇನ್ನೊಬ್ಬನದು, ದೋಣಿಯಿಂದ ದಡಕ್ಕೆ ಮತ್ತೊಬ್ಬನದು, ದಡದಿಂದ ಮನೆಗೆ ಗಾಡಿ. ನಾಲ್ಕು ಬಾರಿ ಎತ್ತಿದ ಕೂಲಿ ಆ ಮನೆಯ ಪ್ರತಿ ಇಟ್ಟಿಗೆಯ ಮೇಲೂ ಕೂತಿರುತ್ತದೆ. ಮಳೆಗಾಲದಲ್ಲಿ ಮಂಜಿಗಳ ಓಡಾಟ ನಿಲ್ಲುತ್ತದೆ. ಆದ್ದರಿಂದ ಮೇ ತಿಂಗಳೊಳಗೆ ದಿನಸಿ ದಾಸ್ತಾನಾಗಬೇಕು, ಅರ್ಧ ಕಟ್ಟಿದ ಮನೆಗೆ ಚಾವಣಿ ಬೀಳಬೇಕು.

ಅಂಡಮಾನಿನಲ್ಲಿ ಗದ್ದೆಯಿದೆ. ದೇಶ ವಿಭಜನೆಯ ಬಳಿಕ 1949ರಿಂದ ಪೂರ್ವ ಬಂಗಾಳದ ನಿರಾಶ್ರಿತ ಕುಟುಂಬಗಳನ್ನು ನೆಲೆಗೊಳಿಸಿದಾಗ ಐದು ಎಕರೆ ಗದ್ದೆ, ಐದು ಎಕರೆ ಗುಡ್ಡ ಎಂಬ ಲೆಕ್ಕದಲ್ಲಿ ಹಂಚಿದರು. ಗದ್ದೆಯಲ್ಲಿ ಭತ್ತ, ಗುಡ್ಡದಲ್ಲಿ ತೆಂಗು, ಅಡಿಕೆ. ಶಹೀದ್ ದ್ವೀಪದಿಂದ ರಾಜಧಾನಿಗೆ ತರಕಾರಿ ಬರುತ್ತದೆ. ಆದರೂ ದಿನಸಿಯ ದೊಡ್ಡ ಪಾಲು ಚೆನ್ನೈ, ಕೋಲ್ಕತ್ತಾದಿಂದಲೇ, ಮೂರು ದಿನ ಹಡಗಿನಲ್ಲಿ ಕೂತು ಬರುತ್ತದೆ. ಟೊಮೆಟೊದಂಥದ್ದು ಅಷ್ಟರಲ್ಲಿ ಅರ್ಧ ಹಾಳು; ಉಳಿದರ್ಧ ಆ ನಷ್ಟವನ್ನೂ ಸೇರಿಸಿಕೊಂಡ ಬೆಲೆಗೆ ಮಾರಾಟ.

ಹತ್ತಿರದ ದೂರ, ದೂರದ ಹತ್ತಿರ

ಲಕ್ಷದ್ವೀಪ ಕೊಚ್ಚಿಯಿಂದ 220ರಿಂದ 440 ಕಿಲೋಮೀಟರ್. ಹಡಗಿನಲ್ಲಿ ಒಂದು ರಾತ್ರಿ. ಅಂಡಮಾನ್ ಚೆನ್ನೈನಿಂದ 1,200 ಕಿಲೋಮೀಟರಿನಷ್ಟು. ನಕ್ಷೆ ನೋಡಿದರೆ ಲಕ್ಷದ್ವೀಪವೇ ಹತ್ತಿರ. ಬದುಕಿನಲ್ಲಿ ಹಾಗಿಲ್ಲ. ಪೋರ್ಟ್ ಬ್ಲೇರ್‌ಗೆ ದೊಡ್ಡ ಜೆಟ್ ವಿಮಾನಗಳು ಇಳಿಯುತ್ತವೆ, ಚೆನ್ನೈಗೆ ಎರಡು ತಾಸು ಚಿಲ್ಲರೆ. ಲಕ್ಷದ್ವೀಪಕ್ಕಿರುವುದು ಅಗತ್ತಿಯ ಒಂದೇ ವಿಮಾನ ನಿಲ್ದಾಣ, 1,204 ಮೀಟರಿನ ಓಡುದಾರಿ; ಚಿಕ್ಕ ಎಟಿಆರ್ ವಿಮಾನ ಕೂಡ ಅಲ್ಲಿ ಪೂರ್ತಿ ಭಾರ ಹೊತ್ತು ಏಳಲಾರದು. ಎರಡು ತುದಿಗೂ ಸಮುದ್ರವಿರುವುದರಿಂದ ಉದ್ದ ಮಾಡುವುದೆಂದರೆ ಹವಳದ ದಿಬ್ಬದ ಮೇಲೆ ಕಟ್ಟುವುದು. ಉಳಿದ ಒಂಬತ್ತು ದ್ವೀಪದವರಿಗೆ ಹಡಗು, ಇಲ್ಲವೇ ಹೆಲಿಕಾಪ್ಟರ್. ಹಡಗುಗಳಲ್ಲಿ ಒಂದೆರಡು ದುರಸ್ತಿಗೆ ಹೋದರೆ ಟಿಕೆಟ್ಟಿಗಾಗಿ ವಿದ್ಯಾರ್ಥಿಗಳು, ರೋಗಿಗಳು ದಿನಗಟ್ಟಲೆ ಕೊಚ್ಚಿಯಲ್ಲಿ ಕಾಯಬೇಕಾಗುತ್ತದೆ.

ಹಡಗು ಬಂದರೂ ದಡ ಸಿಗುವುದು ಸುಲಭವಲ್ಲ. ಲಗೂನು ಆಳವಿಲ್ಲ, ಸುತ್ತ ಹವಳದ ಗೋಡೆ. ಹಡಗು ಹೊರಗಿನ ಕಡಲಿನಲ್ಲೇ ನಿಲ್ಲುತ್ತದೆ. ಪಕ್ಕಕ್ಕೆ ದೋಣಿ ಬರುತ್ತದೆ, ಹಡಗಿನ ಬದಿಯ ಕಬ್ಬಿಣದ ಬಾಗಿಲು ತೆರೆಯುತ್ತದೆ. ಅಲೆಗೆ ದೋಣಿ ಒಂದಾಳುದ್ದ ಏರಿ ಇಳಿಯುತ್ತಿರುತ್ತದೆ. ಬಾಗಿಲಲ್ಲಿ ಇಬ್ಬರು, ದೋಣಿಯಲ್ಲಿ ಇಬ್ಬರು ತೋಳು ಹಿಡಿಯುತ್ತಾರೆ; ದೋಣಿ ಅಲೆಯ ನೆತ್ತಿಗೆ ಬಂದ ಗಳಿಗೆಯಲ್ಲಿ ಕಾಲಿಡಬೇಕು, ಇಳಿಯುತ್ತಿರುವಾಗ ಇಟ್ಟರೆ ಕಾಲಡಿ ಏನೂ ಇರುವುದಿಲ್ಲ. ಬಾಣಂತಿ, ಹಸುಗೂಸು, ಡಯಾಲಿಸಿಸ್ ಮುಗಿಸಿ ಬಂದ ಮುದುಕ ಎಲ್ಲರೂ ದಾಟುವುದು ಇದೇ ಬಾಗಿಲನ್ನು. ಕೆಲವು ದ್ವೀಪಗಳಲ್ಲಿ ಪೂರ್ವದ ಬದಿಗೆ ಜೆಟ್ಟಿ ಕಟ್ಟಿದ್ದಾರೆ, ಮುಂಗಾರಿನ ಪಶ್ಚಿಮದ ಅಲೆಗೆ ಮರೆಯಾಗಿ. ಇಂಥ ಒಂದು ಜೆಟ್ಟಿ ಆ ದ್ವೀಪದ ಜನಕ್ಕೆ ಹತ್ತು ಕಿಲೋಮೀಟರ್ ಚತುಷ್ಪಥ ರಸ್ತೆಗಿಂತ ದೊಡ್ಡ ಉಪಕಾರ.

ಅಂಡಮಾನಿಗೆ ಬೆಟ್ಟದ ಮರೆಯ ಆಳವಾದ ಬಂದರುಗಳಿವೆ, ಹಡಗು ನೇರ ದಕ್ಕೆಗೆ ಬರುತ್ತದೆ. ಅಲ್ಲಿನ ಕಷ್ಟ ಒಳಗಿನ ದೂರದ್ದು. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ಸುಮಾರು 800 ಕಿಲೋಮೀಟರ್. ಗ್ರೇಟ್ ನಿಕೋಬಾರಿನ ಕ್ಯಾಂಪ್‌ಬೆಲ್ ಬೇ ತನ್ನ ರಾಜಧಾನಿಯಿಂದ 500 ಕಿಲೋಮೀಟರಿಗೂ ದೂರ, ಆದರೆ ಸುಮಾತ್ರಾಗೆ ಹತ್ತಿರ. ಉತ್ತರಕ್ಕೆ ಹೋಗುವ ಅಂಡಮಾನ್ ಟ್ರಂಕ್ ರಸ್ತೆ ಜಾರವಾ ಆದಿವಾಸಿಗಳ ಮೀಸಲು ಪ್ರದೇಶವನ್ನು ಸೀಳಿ ಹೋಗುತ್ತದೆ. ಆ ಭಾಗವನ್ನು ಮುಚ್ಚಬೇಕೆಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಇಂದಿಗೂ ವಾಹನಗಳು ನಿಗದಿತ ಹೊತ್ತಿಗೆ, ಸಾಲುಗಟ್ಟಿ, ಪೊಲೀಸ್ ಕಾವಲಿನಲ್ಲಿ ಹೋಗುತ್ತವೆ. ಕಿಟಕಿಯಿಂದ ಕ್ಯಾಮೆರಾ ಹೊರಗೆ ಚಾಚುವುದು ಅಪರಾಧ, ಮತ್ತು ಅದು ಅಪರಾಧವೇ ಆಗಿರಬೇಕು. ಅವರು ನೋಡುವ ವಸ್ತುವಲ್ಲ.

ಕಾಯಿಲೆ ಬಿದ್ದರೆ

ಪೋರ್ಟ್ ಬ್ಲೇರ್‌ನಲ್ಲಿ ಜಿ.ಬಿ. ಪಂತ್ ಆಸ್ಪತ್ರೆಯಿದೆ, 2015ರಿಂದ ವೈದ್ಯಕೀಯ ಕಾಲೇಜೂ ಇದೆ. ಲಕ್ಷದ್ವೀಪದಲ್ಲಿ ಕವರತ್ತಿ, ಅಗತ್ತಿ, ಮಿನಿಕಾಯ್‌ಗಳಲ್ಲಿ ಆಸ್ಪತ್ರೆಗಳಿವೆ, ವೈದ್ಯಕೀಯ ಕಾಲೇಜಿಲ್ಲ, ಕೈಮೀರಿದರೆ ಎರ್ನಾಕುಲಂ. ಹೃದಯ, ಕ್ಯಾನ್ಸರ್, ದೊಡ್ಡ ಶಸ್ತ್ರಚಿಕಿತ್ಸೆಗೆ ಅಂಡಮಾನಿನವರೂ ಚೆನ್ನೈ, ಕೋಲ್ಕತ್ತಾ, ವೆಲ್ಲೂರಿಗೇ ಹೋಗುತ್ತಾರೆ.

ಚಿಕ್ಕ ದ್ವೀಪದಲ್ಲಿ ತುರ್ತು ಬಂದಾಗ ನಡೆಯಬೇಕಾದ್ದು ಹೀಗೆ: ಅಲ್ಲಿನ ವೈದ್ಯರು ಕಳಿಸಲೇಬೇಕೆಂದು ಬರೆಯಬೇಕು, ಆಡಳಿತ ಒಪ್ಪಬೇಕು, ಹೆಲಿಕಾಪ್ಟರ್ ಬಿಡುವಾಗಿರಬೇಕು, ಹವೆ ತಿಳಿಯಾಗಿರಬೇಕು, ಹಗಲಿರಬೇಕು. ಐದರಲ್ಲಿ ಒಂದು ತಪ್ಪಿದರೂ ರಾತ್ರಿಯಿಡೀ ಕಾಯುವುದು. ಆದ್ದರಿಂದಲೇ ಎರಡೂ ಕಡೆ ತಿಳಿದ ಕುಟುಂಬಗಳು, ಹೆರಿಗೆಯಲ್ಲಿ ತೊಡಕಿನ ಸೂಚನೆಯಿದ್ದರೆ ದಿನ ತುಂಬಲು ವಾರಗಳಿರುವಾಗಲೇ ದೊಡ್ಡ ಊರಿಗೆ ಹೋಗಿ ಇರುತ್ತವೆ. ಆ ಬಾಡಿಗೆ, ಊಟ, ಜೊತೆಗಿದ್ದವರ ಕಳೆದುಹೋದ ಕೂಲಿ ಯಾವ ಆರೋಗ್ಯ ಅಂಕಿಅಂಶದಲ್ಲೂ ಬರುವುದಿಲ್ಲ.

ಸಾಕ್ಷರತೆಯಲ್ಲಿ ಲಕ್ಷದ್ವೀಪ ಮುಂದೆ: 2011ರಲ್ಲಿ ಶೇ 91.85, ಅಂಡಮಾನ್–ನಿಕೋಬಾರ್ ಶೇ 86.63. ಇಂಟರ್ನೆಟ್ಟಿನಲ್ಲಿ ಅಂಡಮಾನಿಗೆ ಮೊದಲ ಪಾಳಿ. ಚೆನ್ನೈನಿಂದ ಸಮುದ್ರದಡಿ ಎಳೆದ ಸುಮಾರು 2,300 ಕಿಲೋಮೀಟರ್ ಕೇಬಲ್ 2020ರ ಆಗಸ್ಟಿನಲ್ಲಿ ಶುರುವಾಯಿತು, ಕೊಚ್ಚಿ–ಲಕ್ಷದ್ವೀಪ ಕೇಬಲ್ 2024ರ ಜನವರಿಯಲ್ಲಿ.

ಮನೆ ಯಾರದ್ದು

ಲಕ್ಷದ್ವೀಪದವರಲ್ಲಿ ಶೇ 94ಕ್ಕೂ ಹೆಚ್ಚು ಜನ ಪರಿಶಿಷ್ಟ ಪಂಗಡದವರು, ಬಹುತೇಕ ಎಲ್ಲರೂ ಮುಸ್ಲಿಮರು. ಹೊರಗಿನವರು ಅಲ್ಲಿ ಹೋಗಬೇಕಾದರೆ ಪರವಾನಗಿ ಬೇಕು. ಆಸ್ತಿಯ ಕ್ರಮ ತುಳುನಾಡಿನವರಿಗೆ ಹತ್ತಿರದ್ದೆನಿಸುತ್ತದೆ. ಅಲ್ಲಿ ಆಸ್ತಿಗೆ ವಾರದ ಹೆಸರು: ತರವಾಡಿನ, ಅಂದರೆ ತಾಯಿಯ ಕಡೆಯಿಂದ ಇಳಿಯುವ ಒಟ್ಟು ಆಸ್ತಿ 'ಶುಕ್ರವಾರದ ಆಸ್ತಿ', ತಾನೇ ದುಡಿದು ಸಂಪಾದಿಸಿದ್ದು 'ಸೋಮವಾರದ ಆಸ್ತಿ', ಅದು ಇಸ್ಲಾಮಿನ ವಾರಸುದಾರಿಕೆಯ ಪ್ರಕಾರ ಹಂಚಿಕೆಯಾಗುತ್ತದೆ. ಒಂದೇ ಧರ್ಮದೊಳಗೆ ಅಳಿಯಕಟ್ಟು (ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಕ್ರಮ) ಬದುಕಿರುವ ಈ ರೀತಿಯಿಂದ ಹೆಣ್ಣಿಗೆ ತವರಿನ ನೆಲೆ ತಪ್ಪುವುದಿಲ್ಲ. ತರವಾಡಿನ ನೆಲ ಸುಲಭಕ್ಕೆ ಮಾರಾಟವಾಗದಿರುವುದೇ ಅಷ್ಟು ಇಕ್ಕಟ್ಟಿನಲ್ಲೂ ಮನೆಯಿಲ್ಲದವರು ಕಾಣದಿರಲು ಒಂದು ದೊಡ್ಡ ಕಾರಣ.

ಅಂಡಮಾನ್ ಬೇರೆಯದೇ ಜಗತ್ತು. ಬಂಗಾಳಿ, ತಮಿಳು, ತೆಲುಗು, ಮಲಯಾಳಿ, ಛೋಟಾನಾಗಪುರದಿಂದ ಬಂದ 'ರಾಂಚಿ'ಗಳು, ಬರ್ಮಾದ ಕರೆನ್ನರು. ಎಲ್ಲರ ನಡುವಿನ ಮಾತು ಹಿಂದಿ. ಆದಿವಾಸಿಗಳು ಜನಸಂಖ್ಯೆಯ ಶೇ 7.5 ಮಾತ್ರ. ಅವರಲ್ಲಿ ಹೆಚ್ಚಿನವರು ನಿಕೋಬಾರಿಗಳು. ಅವರದೂ ಒಟ್ಟು ಬಾಳುವೆಯೇ. 'ತುಹೆತ್' ಎಂಬ ಕೂಡುಕುಟುಂಬವೇ ತೆಂಗಿನ ತೋಟ, ಹಂದಿ, ನೆಲ ಎಲ್ಲದರ ಒಡೆಯ.

2004ರ ಡಿಸೆಂಬರ್ 26ರ ಸುನಾಮಿ ಈ ತುಹೆತ್‌ಗಳ ಊರುಗಳನ್ನೇ ಕೊಚ್ಚಿಕೊಂಡು ಹೋಯಿತು. ನಿಕೋಬಾರ್ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 42,068 ಇದ್ದದ್ದು 2011ರಲ್ಲಿ 36,842ಕ್ಕೆ ಇಳಿದಿತ್ತು. ಬಳಿಕ ಸರ್ಕಾರ ಕಟ್ಟಿಕೊಟ್ಟ ಮನೆಗಳು ಗಂಡ–ಹೆಂಡತಿ–ಮಕ್ಕಳ ಲೆಕ್ಕದ ಘಟಕಗಳು. ಕಬ್ಬಿಣದ ಚೌಕಟ್ಟು, ತಗಡಿನ ಮಾಡು, ಸಾಲಾಗಿ, ಸಮುದ್ರದಿಂದ ದೂರ. ಎತ್ತರದ ಕಂಬಗಳ ಮೇಲೆ ಹುಲ್ಲಿನ ಗುಮ್ಮಟದಂತಿದ್ದ ಹಳೆಯ ಮನೆ ತಂಪಾಗಿತ್ತು, ಅದರಡಿ ಜಗಲಿಯಂತೆ ನೆರಳಿತ್ತು, ದೋಣಿ ಕಣ್ಣೆದುರಿತ್ತು. ಜೀವ ಉಳಿಸುವ ಆತುರದಲ್ಲಿ ಕಟ್ಟಿದ್ದನ್ನು ದೂರುವುದು ಸುಲಭ. ಆದರೂ ಕುಟುಂಬ ಎಂದರೆ ಏನು ಎಂದು ಅವರನ್ನೇ ಮೊದಲು ಕೇಳಬೇಕಿತ್ತು.

ಲಕ್ಷದ್ವೀಪಕ್ಕೆ ಅಂದು ಹೆಚ್ಚು ಪೆಟ್ಟಾಗಲಿಲ್ಲ. ನಡುವೆ ಶ್ರೀಲಂಕಾ ಮತ್ತು ಇಡೀ ಭಾರತದ ನೆಲ ಅಡ್ಡ ಇತ್ತು. ಅದರ ಅಪಾಯ ನಿಧಾನದ್ದು. 2017ರ ಡಿಸೆಂಬರಿನ ಓಖಿ ಚಂಡಮಾರುತ ಮಿನಿಕಾಯ್, ಕಲ್ಪೇನಿಗಳನ್ನು ನಡುಗಿಸಿತು. ಅಲೆ ಒಳನುಗ್ಗಿದಾಗ ಮನೆಗಿಂತ ಮೊದಲು ಸಾಯುವುದು ಬಾವಿ, ಅದು ಮತ್ತೆ ಸಿಹಿಯಾಗಲು ಎಷ್ಟೋ ಮಳೆ ಬೇಕು. ಬಂಗಾರಂ ಸಮೀಪದ ಜನವಸತಿಯಿಲ್ಲದ ಪರಳಿ–1 ಎಂಬ ಪುಟ್ಟ ದ್ವೀಪ ಕೊರೆದು ಕೊರೆದು ಪೂರ್ತಿ ನೀರಿನಡಿ ಹೋಗಿದೆ. ಅಂಡಮಾನ್–ನಿಕೋಬಾರಿನಲ್ಲಿ ಏರುವುದು ಸಮುದ್ರ ಮಾತ್ರವಲ್ಲ, ನೆಲವೇ ಕದಲುತ್ತದೆ. 2004ರ ಆ ಬೆಳಗಿನ ಭೂಕಂಪದಲ್ಲಿ ಉತ್ತರ ಅಂಡಮಾನಿನ ಪಶ್ಚಿಮದ ಅಂಚು ಮೇಲೆದ್ದು ಹವಳ ಬಿಸಿಲಿಗೆ ಬಿದ್ದು ಸತ್ತಿತು. ದಕ್ಷಿಣದಲ್ಲಿ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿದು ಅಲ್ಲಿನ ದೀಪಸ್ತಂಭ ಇಂದಿಗೂ ನೀರಿನಲ್ಲಿ ನಿಂತಿದೆ. ಪೋರ್ಟ್ ಬ್ಲೇರ್ ಹೊರವಲಯದ ಸಿಪ್ಪಿಘಾಟಿನಲ್ಲಿ ನೆಲ ಸುಮಾರು ಒಂದು ಮೀಟರ್ ತಗ್ಗಿತು. ನಿರಾಶ್ರಿತರಾಗಿ ಬಂದವರ ಮಕ್ಕಳು ಭತ್ತ ಬೆಳೆಯುತ್ತಿದ್ದ ಅಲ್ಲಿನ ಗದ್ದೆಗಳಿಗೆ ಅಂದಿನಿಂದ ಭರತದ ನೀರು ಬಂದು ಹೋಗುತ್ತಿದೆ.